ಹದಿಹರೆಯದವರಿಗೆ ಧ್ಯಾನ: ಏಳನೇ ಮೆಟ್ಟಿಲಿಂದ ಶುರು ಮಾಡಿದರೆ ಆಗುವುದೇನು?

ನನ್ನ ಮಗಳಿಗೆ ಆಗ 14 ವರ್ಷ. ಅವಳ ಶಾಲೆಯಲ್ಲಿ ಪ್ರತಿ ಸೋಮವಾರ ಬೆಳಗ್ಗೆ ಹತ್ತು ನಿಮಿಷ ಧ್ಯಾನ ಶುರುವಾಗಿತ್ತು. ಸಭಾಂಗಣದಲ್ಲಿ ಇನ್ನೂರು ಮಕ್ಕಳು ಸಾಲಾಗಿ ಕೂರಬೇಕು. ಕಣ್ಣು ಮುಚ್ಚಬೇಕು. ಸ್ಪೀಕರಿನಿಂದ ಬರುವ ಮೆಲುದನಿ ಹೇಳಿದ ಹಾಗೆ ಉಸಿರನ್ನು ಗಮನಿಸಬೇಕು. ಕಣ್ಣು ಬಿಟ್ಟವರ ಹೆಸರನ್ನು ಮಾನಿಟರ್ ಬರೆದುಕೊಳ್ಳುತ್ತಿದ್ದ. ಬರೆದುಕೊಳ್ಳಬೇಕಾದರೆ ಅವನು ಕಣ್ಣು ಬಿಟ್ಟಿರಲೇಬೇಕಲ್ಲ, ಹಾಗಾಗಿ ಆ ಕೆಲಸಕ್ಕೆ ಭಾರಿ ಪೈಪೋಟಿ ಇತ್ತಂತೆ.

ಒಂದು ಸಂಜೆ ಅವಳು ಬ್ಯಾಗ್ ಎಸೆದು ಹೇಳಿದಳು: "ಅಮ್ಮಾ, ಕಣ್ಣು ಮುಚ್ಚಿದ್ರೆ ತಲೆ ಒಳಗೆ ಗಲಾಟೆ ಇನ್ನೂ ಜಾಸ್ತಿ ಆಗುತ್ತೆ. ತೆಗೆದಿದ್ರೇನೇ ವಾಸಿ."

ನೆಪ ಹೇಳುತ್ತಿದ್ದಾಳೆ ಅಂದುಕೊಂಡೆ. ನಾನೇ ಸುಮಾರು ವರ್ಷಗಳಿಂದ ಯೋಗ ಮಾಡುವವಳು. ಧ್ಯಾನದಿಂದ ಯಾರಿಗಾದರೂ ಗಲಾಟೆ ಜಾಸ್ತಿಯಾಗುತ್ತದೆ ಅಂದರೆ ಒಪ್ಪುವ ಮನಸ್ಸಿರಲಿಲ್ಲ. ಆಮೇಲೆ ಈ ವಿಷಯವನ್ನು ಕೆದಕಿ ಓದುತ್ತಾ ಹೋದಾಗ ಗೊತ್ತಾಯಿತು, ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹದಿಹರೆಯದವರ ಮನಸ್ಸಿನ ಆರೋಗ್ಯದ ಬಗ್ಗೆ ಕಳವಳ ಸುಮ್ನೆ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ, 10ರಿಂದ 19 ವರ್ಷದೊಳಗಿನ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಆತಂಕ ಮತ್ತು ಖಿನ್ನತೆ ಅದರಲ್ಲಿ ಮುಖ್ಯವಾದವು. ನಗರದಲ್ಲಿ ಬೆಳೆಯುವ ಮಕ್ಕಳಿಗೆ ಇದರ ಜೊತೆ ಇನ್ನೂ ಕೆಲವು ಸೇರಿಕೊಳ್ಳುತ್ತವೆ. ದಿನಕ್ಕೆ ಒಂದೆರಡು ಗಂಟೆ ಟ್ರಾಫಿಕ್‌ನಲ್ಲೇ ಕಳೆಯುತ್ತದೆ. ಆಡೋಕೆ ಜಾಗ ಇಲ್ಲ. ಚಿಕ್ಕ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂರಲು ಒಂದು ಮೂಲೆಯೂ ಇರುವುದಿಲ್ಲ. ರಾತ್ರಿಯಾದರೂ ಆರದ ಬೆಳಕು, ನಿಲ್ಲದ ಸದ್ದು. ಇಷ್ಟರ ಮೇಲೆ ಫೋನು. ತರಗತಿ ಮುಗಿದರೂ ತರಗತಿಯ ಜಗಳ ಮುಗಿಯದಂತೆ ನೋಡಿಕೊಳ್ಳುವುದು ಅದೇ.

ಇದಕ್ಕೆ ಶಾಲೆಗಳು ಯೋಗ, ಧ್ಯಾನದ ಕಡೆ ತಿರುಗಿದ್ದು ಸಹಜ. ಚಾಪೆ ಇದ್ದರೆ ಸಾಕು, ಅದೂ ಇಲ್ಲದಿದ್ದರೆ ನಡೆಯುತ್ತದೆ. ಮಾತ್ರೆ ಬೇಡ. ಯಾರಿಗೂ 'ಕಾಯಿಲೆ' ಅನ್ನುವ ಹಣೆಪಟ್ಟಿ ಹಚ್ಚುವ ಹಾಗಿಲ್ಲ. ಇನ್ನೊಂದು ಕಾರಣವನ್ನೂ ನೇರವಾಗಿ ಹೇಳಿಬಿಡಬೇಕು. ಒಬ್ಬ ಪೂರ್ಣಾವಧಿ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳುವುದಕ್ಕಿಂತ ಇನ್ನೂರು ಮಕ್ಕಳಿಗೆ ಒಟ್ಟಿಗೆ ಕಣ್ಣು ಮುಚ್ಚಿಸುವುದು ಅಗ್ಗ.

ಹಾಗಾದರೆ ಇದು ಕೆಲಸ ಮಾಡುತ್ತದಾ?

ಈ ಪ್ರಶ್ನೆಗೆ ಸಿಕ್ಕಿರುವ ದೊಡ್ಡ ಉತ್ತರಗಳಲ್ಲಿ ಒಂದು ಬಂದಿದ್ದು ಬ್ರಿಟನ್ನಿನಿಂದ, 2022ರಲ್ಲಿ. ಮಿರಿಯಡ್ ಅನ್ನುವ ಹೆಸರಿನ ಅಧ್ಯಯನ ಅದು. 84 ಶಾಲೆಗಳು, 11ರಿಂದ 13 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರು ಮೈಂಡ್‌ಫುಲ್‌ನೆಸ್ ಪಾಠಗಳನ್ನು ಹೇಳಿಕೊಟ್ಟರು. ಅಂದರೆ ಈ ಕ್ಷಣದಲ್ಲಿ ಗಮನ ಇಡುವ ಧ್ಯಾನ. ಉಳಿದ ಶಾಲೆಗಳಲ್ಲಿ ಭಾವನೆ, ನಡವಳಿಕೆಗಳ ಬಗ್ಗೆ ಮೊದಲಿನಿಂದ ಏನು ಪಾಠ ನಡೆಯುತ್ತಿತ್ತೋ ಅದೇ ಮುಂದುವರಿಯಿತು. ಒಂದು ವರ್ಷದ ನಂತರ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಖಿನ್ನತೆಯ ಅಪಾಯವಾಗಲಿ, ನೆಮ್ಮದಿಯಾಗಲಿ, ಧ್ಯಾನದ ಪಾಠದಿಂದ ಬದಲಾಗಿರಲಿಲ್ಲ. ಮೊದಲೇ ಮನಸ್ಸಿನ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಲ್ಲಂತೂ ಫಲಿತಾಂಶ ಸ್ವಲ್ಪ ಕೆಟ್ಟದ್ದರ ಕಡೆಗೇ ವಾಲಿತ್ತು. ಮನೆಯಲ್ಲಿ ಅಭ್ಯಾಸ ಮಾಡಿ ಅಂತ ಹೇಳಿ ಕಳಿಸಿದ್ದರು. ಬಹುಪಾಲು ಮಕ್ಕಳು ಮಾಡಲೇ ಇಲ್ಲ. ಕಲಿಸಿದ ಶಿಕ್ಷಕರ ದಣಿವು ಮಾತ್ರ ಸ್ವಲ್ಪ ಕಾಲ ಕಡಿಮೆಯಾಗಿತ್ತು!

ಕೊನೆಯ ಆ ಸಂಗತಿಯನ್ನು ತಮಾಷೆ ಅಂತ ತಳ್ಳಿಹಾಕಬಾರದು. ಅಲ್ಲೇ ಸುಳಿವಿದೆ. ಈಗ ಜಗತ್ತಿನಾದ್ಯಂತ ಆಸ್ಪತ್ರೆ, ಕಚೇರಿಗಳಲ್ಲಿ ನಡೆಯುವ ಮೈಂಡ್‌ಫುಲ್‌ನೆಸ್ ತರಬೇತಿಯ ಮೂಲ ಹುಡುಕಿದರೆ 1979ಕ್ಕೆ ಹೋಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ಕೆಲವು ವಾರಗಳ ಒಂದು ಕಾರ್ಯಕ್ರಮ ಶುರು ಮಾಡಿದರು. ಬಂದವರು ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ವಯಸ್ಕರು. ತಾವಾಗಿ ಬಂದವರು. ಏನಾದರೂ ಮಾಡಲೇಬೇಕು ಅನ್ನುವ ಒತ್ತಾಯ ಅವರ ಒಳಗಿನಿಂದಲೇ ಇತ್ತು. ವಯಸ್ಕರಿಗೆ ಹೊಲಿದ ಅಂಗಿಯನ್ನು ನಾವು ಹನ್ನೆರಡು ವರ್ಷದ ಹುಡುಗನಿಗೆ ತೊಡಿಸಿ, ತೋಳು ಉದ್ದವಾಯಿತು ಅಂತ ಹುಡುಗನನ್ನೇ ಬೈಯುತ್ತಿದ್ದೇವೆ.

ಮಗಳು ಹೇಳಿದ 'ಗಲಾಟೆ'ಗೆ ಮತ್ತೆ ಬರೋಣ.

ನಮ್ಮಲ್ಲಿ ಹಳೆಯ ನೆನಪುಗಳನ್ನು ಮೆಲುಕು ಹಾಕುವುದು ಅಂತೀವಿ. ಸಿಹಿ ನೆನಪಾದರೆ ಅದು ಚೆನ್ನ. ಆದರೆ ಹದಿನೈದರ ವಯಸ್ಸಿನ ಮನಸ್ಸು ಸಿಹಿಯನ್ನು ಮೆಲುಕು ಹಾಕುವುದು ಕಡಿಮೆ. ಮಧ್ಯಾಹ್ನ ಗೆಳತಿ ನಕ್ಕಳಲ್ಲ, ಯಾಕೆ ನಕ್ಕಳು? ನನ್ನ ಮೆಸೇಜ್ ನೋಡಿಯೂ ಯಾಕೆ ಉತ್ತರ ಕೊಟ್ಟಿಲ್ಲ? ನಾನು ಆ ಮಾತು ಹೇಳಬಾರದಿತ್ತಾ? ಒಂದೇ ವಿಷಯ ಸುತ್ತಿ ಸುತ್ತಿ ಬರುತ್ತದೆ, ಪ್ರತಿ ಸುತ್ತಿಗೂ ಇನ್ನಷ್ಟು ಕಹಿಯಾಗುತ್ತದೆ. ಮನಶ್ಶಾಸ್ತ್ರದಲ್ಲಿ ಇದನ್ನು ರೂಮಿನೇಷನ್ ಅನ್ನುತ್ತಾರೆ. ಅದರ ಮೂಲ ಅರ್ಥವೂ ಹಸು ಮೆಲುಕು ಹಾಕುವುದೇ. ಖಿನ್ನತೆ, ಆತಂಕ ಎರಡಕ್ಕೂ ಇದು ಹಾದಿ ಮಾಡಿಕೊಡುತ್ತದೆ. ಇಂಥ ಮೆಲುಕಿನಲ್ಲಿ ಮುಳುಗಿರುವ ಮಗುವಿಗೆ 'ಕಣ್ಣು ಮುಚ್ಚು, ಒಳಗೆ ನೋಡು' ಅಂದರೆ ಅದು ನೋಡುವುದಾದರೂ ಏನನ್ನು?

ಇದಕ್ಕೆ ವಯಸ್ಸಿನ ಲೆಕ್ಕವೂ ಇದೆ. ಭಯ, ಅವಮಾನ, ಉದ್ವೇಗಕ್ಕೆ ಚುರುಕಾಗಿ ಸ್ಪಂದಿಸುವ ಮಿದುಳಿನ ಭಾಗಗಳು ಹದಿಹರೆಯದಲ್ಲಿ ಜೋರಾಗಿರುತ್ತವೆ. ಅವಕ್ಕೆ 'ತಡಿ ಮಾರಾಯ' ಅನ್ನಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿಗೆ. ಯೋಚನೆ ಬಂದರೆ ಬರಲಿ, ದಡದಲ್ಲಿ ಕೂತು ನೋಡುತ್ತಿರು ಅನ್ನುವುದು ಧ್ಯಾನದ ಪಾಠ. ದಡವೇ ಇನ್ನೂ ಗಟ್ಟಿಯಾಗಿಲ್ಲದ ವಯಸ್ಸು ಇದು.

ಪತಂಜಲಿಯ ಯೋಗಸೂತ್ರ ಹೇಳುವ ಎಂಟು ಅಂಗಗಳನ್ನು ಒಮ್ಮೆ ಎಣಿಸಿ ನೋಡಿ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಧ್ಯಾನ ಇರುವುದು ಏಳನೆಯದಾಗಿ. ಅದಕ್ಕೆ ಮುಂಚೆ ಇನ್ನೊಬ್ಬರ ಜೊತೆ ಹೇಗಿರಬೇಕು, ನಮ್ಮ ದಿನಚರಿ ಹೇಗಿರಬೇಕು, ಮೈ ಹೇಗೆ ನಿಲ್ಲಬೇಕು, ಉಸಿರು ಹೇಗೆ ಆಡಬೇಕು ಎಲ್ಲ ಬರುತ್ತದೆ. ಸಭಾಂಗಣದ ಆ ಹತ್ತು ನಿಮಿಷದಲ್ಲಿ ಆರು ಮೆಟ್ಟಿಲು ಹಾರಿ ಮಕ್ಕಳನ್ನು ಸೀದಾ ಏಳನೆಯದರ ಮೇಲೆ ನಿಲ್ಲಿಸಿದ್ದರು. ನನ್ನ ತಕರಾರು ಧ್ಯಾನದ ಮೇಲಲ್ಲ, ಈ ಹಾರಿಕೆಯ ಮೇಲೆ. ಹದಿಹರೆಯದವರ ಮಟ್ಟಿಗೆ ಯೋಗ ಉಪಯೋಗಕ್ಕೆ ಬರಬೇಕಾದರೆ ಮೈಯಿಂದ ಶುರುವಾಗಬೇಕು, ಮನಸ್ಸಿನಿಂದಲ್ಲ.

ವೃಕ್ಷಾಸನವನ್ನೇ ತೆಗೆದುಕೊಳ್ಳಿ. ಒಂಟಿ ಕಾಲಲ್ಲಿ ನಿಲ್ಲಬೇಕು. ಇನ್ನೊಂದು ಪಾದ ತೊಡೆಗೆ ಒತ್ತಿರಬೇಕು. ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆ ಹುಡುಕಿ ಅದನ್ನೇ ನೋಡಬೇಕು. ಹತ್ತು ಸೆಕೆಂಡಿನಲ್ಲಿ ಪಾದ ನಡುಗುತ್ತದೆ, ಹೆಬ್ಬೆರಳು ನೆಲವನ್ನು ಹಿಡಿದುಕೊಳ್ಳಲು ಒದ್ದಾಡುತ್ತದೆ. ಈ ಹೊತ್ತಿನಲ್ಲಿ ಗೆಳತಿ ಯಾಕೆ ನಕ್ಕಳು ಅಂತ ಯೋಚಿಸಿ ನೋಡಿ. ಯೋಚಿಸಿದ ಕ್ಷಣವೇ ಕಾಲು ಕೆಳಗೆ! ಮಕ್ಕಳು ಬೀಳುತ್ತಾರೆ, ಪಕ್ಕದವರ ಮೇಲೆ ವಾಲುತ್ತಾರೆ, ನಗುತ್ತಾರೆ, ಮತ್ತೆ ನಿಲ್ಲುತ್ತಾರೆ. ಉಸಿರಿನ ಮೇಲೆ ಗಮನ ಇಡು ಅಂತ ಯಾರೂ ಹೇಳಬೇಕಾಗಿಲ್ಲ. ಗಮನ ತಾನಾಗಿ ಪಾದಕ್ಕೆ ಇಳಿದಿರುತ್ತದೆ. ಕಣ್ಣು ತೆರೆದೇ ಇದೆ. ಇದೂ ಗಮನದ ಅಭ್ಯಾಸವೇ ತಾನೇ?

ಇಲ್ಲಿ ಒಂದು ಪ್ರಾಮಾಣಿಕ ಪ್ರಶ್ನೆ ಬರುತ್ತದೆ. ಮೈ ಆಡಿಸುವುದೇ ಮುಖ್ಯವಾದರೆ ಫುಟ್‌ಬಾಲ್ ಯಾಕಾಗಬಾರದು? ಆಗಬಹುದು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಓಟವಾದರೂ ಸರಿ, ಕುಣಿತವಾದರೂ ಸರಿ. ಯೋಗದಿಂದ ಆತಂಕ ಕಡಿಮೆಯಾಯಿತು ಅನ್ನುವ ಎಷ್ಟೋ ಅಧ್ಯಯನಗಳು ಚಿಕ್ಕವು. ಏನೂ ಮಾಡದೆ ಸುಮ್ನೆ ಇದ್ದವರ ಜೊತೆ ಹೋಲಿಸಿದರೆ ಯಾವ ವ್ಯಾಯಾಮವೂ ಒಳ್ಳೆಯದಾಗೇ ಕಾಣುತ್ತದೆ. ಬಾಸ್ಟನ್‌ನಲ್ಲಿ ಒಂದು ತಂಡ ಯೋಗವನ್ನು ನಡಿಗೆಯ ಜೊತೆ ಹೋಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. 12 ವಾರ, ವಾರಕ್ಕೆ ಮೂರು ದಿನ. ಲವಲವಿಕೆ ಹೆಚ್ಚುವುದರಲ್ಲೂ ಆತಂಕ ಇಳಿಯುವುದರಲ್ಲೂ ಯೋಗದ ಗುಂಪು ಮುಂದಿತ್ತು. ಕೇಳಲು ಖುಷಿಯಾಗುತ್ತದೆ. ಆದರೆ ಭಾಗವಹಿಸಿದವರು ಬರೀ 34 ಮಂದಿ, ಎಲ್ಲರೂ ವಯಸ್ಕರು.

ಹಾಗಾಗಿ ಆಟ ಇಷ್ಟಪಡುವ ಮಗುವನ್ನು ಮೈದಾನದಿಂದ ಎಬ್ಬಿಸಿ ಯೋಗದ ಚಾಪೆಗೆ ತರುವುದರಲ್ಲಿ ಅರ್ಥವಿಲ್ಲ. ಯೋಗ ನಿಜವಾಗಿ ಕೈಹಿಡಿಯುವುದು ಇನ್ನೊಂದು ಬಗೆಯ ಮಕ್ಕಳನ್ನು. ತಂಡ ಆರಿಸುವಾಗ ಕೊನೆಗೆ ಉಳಿಯುವವರು. ಓಡಿದರೆ ಎಲ್ಲರೂ ನೋಡುತ್ತಾರೆ ಅಂತ ಮುಟ್ಟಿನ ನೆಪ ಹೇಳಿ ಬೆಂಚಿನ ಮೇಲೆ ಕೂರುವವರು. ಯೋಗದಲ್ಲಿ ಎದುರಾಳಿ ಇಲ್ಲ, ಸ್ಕೋರ್ ಇಲ್ಲ. ಆದರೆ ಇದನ್ನೂ ನಾವು ಕೆಡಿಸುತ್ತೇವೆ. ಆಸನ ಸ್ಪರ್ಧೆ ಇಡುತ್ತೇವೆ, ಯೋಗಕ್ಕೆ ಅಂಕ ಕೊಡುತ್ತೇವೆ. ಗೋಡೆ ತುಂಬ ಕನ್ನಡಿ ಹಾಕಿ, ತನ್ನ ಮೈಯನ್ನು ಕಂಡರೇ ಆಗದ ಹುಡುಗಿಯನ್ನು ಅದರೆದುರು ನಿಲ್ಲಿಸುತ್ತೇವೆ. ಬಳ್ಳಿಯ ಹಾಗೆ ಬಾಗುವ ತೆಳು ಮೈಗಳ ಫೋಟೊಗಳಲ್ಲೇ ಯೋಗ ನೋಡಿ ಬೆಳೆದ ಪೀಳಿಗೆ ಇದು. ಊಟದ ಜೊತೆ ಜಗಳ ಮಾಡಿಕೊಂಡಿರುವ ಮಗುವಿಗೆ ಅಂಥ ತರಗತಿ ಒಳ್ಳೆಯದು ಮಾಡುವುದಿಲ್ಲ. 'ಸ್ಥಿರಸುಖಮಾಸನಂ' ಅನ್ನುತ್ತದೆ ಸೂತ್ರ. ಸ್ಥಿರವಾಗಿ, ಸುಖವಾಗಿ ಇರುವುದು ಆಸನ. ಮೂಗು ಮಂಡಿಗೆ ತಾಗಬೇಕು ಅಂತ ಅದರಲ್ಲಿಲ್ಲ.

ಈಗ ಉಸಿರು. ನನ್ನ ಮಟ್ಟಿಗೆ ಇಡೀ ಯೋಗದಲ್ಲಿ ಹದಿಹರೆಯದವರಿಗೆ ಕೊಡಬಹುದಾದ ಅತಿ ಉಪಯುಕ್ತ ವಸ್ತು ಇದು. ಯಾಕೆಂದರೆ ಇದನ್ನು ನಂಬಬೇಕಾಗಿಲ್ಲ, ಬೆರಳಲ್ಲಿ ಮುಟ್ಟಿ ನೋಡಬಹುದು. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಆಮೇಲೆ ಇನ್ನೂ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಈ ಏರಿಳಿತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಿದುಳಿನ ಬುಡದಿಂದ ಹೊರಟು ಹೃದಯದ ಕಡೆ ಹೋಗುವ ವೇಗಸ್ ಅನ್ನುವ ನರದ ಕೆಲಸ ಇದು. ಅದರ ಹೆಸರು ವೇಗಸ್, ಮಾಡುವುದು ವೇಗ ತಗ್ಗಿಸುವ ಕೆಲಸ, ಕನ್ನಡದ ಕಿವಿಗೆ ಸ್ವಲ್ಪ ವಿಚಿತ್ರವೇ! ಉಸಿರು ಬಿಡುವಾಗ ಈ ನರ ಹೃದಯಕ್ಕೆ ಬ್ರೇಕ್ ಹಾಕುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದರೆ ಬ್ರೇಕ್ ಹೆಚ್ಚು ಹೊತ್ತು ಬೀಳುತ್ತದೆ. ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಇದನ್ನು ಆರರ ಹತ್ತಿರಕ್ಕೆ ಇಳಿಸಿದಾಗ ಈ ಏರಿಳಿತ ಅತಿ ಹೆಚ್ಚಾಗುತ್ತದೆ.

2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಇದನ್ನು ಧ್ಯಾನದ ಜೊತೆಗೇ ಹೋಲಿಸಿ ನೋಡಿತು. ದಿನಕ್ಕೆ ಬರೀ 5 ನಿಮಿಷ, ಸುಮಾರು ಒಂದು ತಿಂಗಳು. ಮೂಗಿನಿಂದ ಉಸಿರು ತುಂಬಿಕೊಂಡು, ಅದರ ಮೇಲೇ ಇನ್ನೊಂದು ಚಿಕ್ಕ ಉಸಿರು ಎಳೆದು, ಆಮೇಲೆ ಬಾಯಿಂದ ಉದ್ದಕ್ಕೆ ಬಿಡುವುದು. ಅಂದರೆ ಬೇಕೆಂದೇ ಬಿಡುವ ನಿಟ್ಟುಸಿರು. ಧ್ಯಾನ ಮಾಡಿದವರಿಗೂ ಒಳ್ಳೆಯದಾಯಿತು, ಆದರೆ ನಿಟ್ಟುಸಿರು ಬಿಟ್ಟವರ ಮನಸ್ಸು ಹೆಚ್ಚು ಹಗುರವಾಗಿತ್ತು. ಇವರೂ ವಯಸ್ಕರೇ ಅನ್ನುವುದು ನೆನಪಿರಲಿ. ಆದರೂ ಪರೀಕ್ಷೆಯ ಕೊಠಡಿಯಲ್ಲಿ, ಬಸ್ಸಿನಲ್ಲಿ, ಶೌಚಾಲಯದ ಬಾಗಿಲು ಹಾಕಿಕೊಂಡು, ಯಾರಿಗೂ ಗೊತ್ತಾಗದಂತೆ ಮಾಡಬಹುದಾದ ಅಭ್ಯಾಸ ಇದು. ಯಾರಿಗೂ ಗೊತ್ತಾಗಬಾರದು ಅನ್ನುವುದು ಆ ವಯಸ್ಸಿಗೆ ಎಷ್ಟು ದೊಡ್ಡ ವಿಷಯ ಅಂತ ಆ ವಯಸ್ಸು ದಾಟಿದವರು ಬೇಗ ಮರೆಯುತ್ತಾರೆ.

ಇಲ್ಲೂ ಒಂದು ಎಚ್ಚರಿಕೆ ಇದೆ. ಕಪಾಲಭಾತಿ, ಭಸ್ತ್ರಿಕದಂಥ ವೇಗದ ಉಸಿರಾಟ ಆತಂಕ ಇರುವ ಮಕ್ಕಳಿಗೆ ಶುರುವಿನಲ್ಲೇ ಬೇಡ. ಜೋರಾಗಿ ಉಸಿರು ಬಿಡುತ್ತಾ ಹೋದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪ್ಯಾನಿಕ್ ಅಟ್ಯಾಕ್ ಒಮ್ಮೆ ಕಂಡಿರುವ ಮಗುವಿಗೆ ಈ ಲಕ್ಷಣಗಳು ಚೆನ್ನಾಗಿ ಗೊತ್ತು. ಅದು ಮತ್ತೆ ಬಂತು ಅಂತಲೇ ಹೆದರುತ್ತದೆ. ಉಸಿರು ಹಿಡಿದಿಟ್ಟುಕೊಳ್ಳುವ ಕುಂಭಕದ ಕತೆಯೂ ಅಷ್ಟೇ. ಭ್ರಾಮರಿ ಆಗಬಹುದು. ದುಂಬಿಯ ಹಾಗೆ ಗುಂಯ್‌ಗುಟ್ಟುವಾಗ ಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ.

ಇನ್ನು ಹೊತ್ತಿನ ಪ್ರಶ್ನೆ. ಯೋಗ ಅಂದರೆ ಬೆಳಗಿನ ಜಾವ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದೊಡ್ಡವರಿಗೆ ಸರಿ. ಹದಿಹರೆಯದಲ್ಲಿ ಮೈಯ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಹತ್ತು ಗಂಟೆಗೆ ನಿದ್ದೆ ಬರಲ್ಲ ಅಂದರೆ ಅದೆಲ್ಲ ಫೋನಿನ ಚಟವೇ ಅಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ ಇದೇ ಕಾರಣಕ್ಕೆ 2014ರಲ್ಲಿ ಹದಿಹರೆಯದವರ ಶಾಲೆಗಳು ಎಂಟೂವರೆಗೆ ಮುಂಚೆ ಶುರುವಾಗಬಾರದು ಅಂದಿತು. ಕ್ಯಾಲಿಫೋರ್ನಿಯಾ 2022ರಿಂದ ಹೈಸ್ಕೂಲುಗಳಿಗೆ ಅದನ್ನು ಕಾನೂನೇ ಮಾಡಿತು. ಹೀಗಿರುವಾಗ ಐದು ಗಂಟೆಗೆ ಎಬ್ಬಿಸಿ ಯೋಗ ಮಾಡಿಸಿದರೆ ಒಂದು ಕೈಯಲ್ಲಿ ನೆಮ್ಮದಿ ಕೊಟ್ಟು ಇನ್ನೊಂದು ಕೈಯಲ್ಲಿ ನಿದ್ದೆ ಕಿತ್ತುಕೊಂಡ ಹಾಗೆ. ಮನಸ್ಸಿನ ಆರೋಗ್ಯಕ್ಕೆ ಇವೆರಡರಲ್ಲಿ ಯಾವುದು ಮೊದಲು ಅಂದರೆ ನಾನು ಯೋಚಿಸದೆ ನಿದ್ದೆ ಅನ್ನುತ್ತೇನೆ. ಸಂಜೆಯ ಹೊತ್ತು ಕಾಲು ಗಂಟೆ ಮೈ ಸಡಿಲ ಮಾಡುವ ಆಸನಗಳು, ಮಲಗುವಾಗ ಯೋಗನಿದ್ರೆ, ಅಂದರೆ ಮಲಗಿಕೊಂಡೇ ಮೈಯ ಒಂದೊಂದು ಭಾಗವನ್ನೂ ಗಮನಿಸುತ್ತಾ ಸಡಿಲ ಬಿಡುವ ಅಭ್ಯಾಸ. ಇಷ್ಟು ಸಾಕು. ಯೋಗನಿದ್ರೆಯ ನಡುವೆ ಮಗು ನಿಜವಾಗಲೂ ನಿದ್ದೆ ಹೋದರೆ ದಯವಿಟ್ಟು ಎಬ್ಬಿಸಬೇಡಿ.

ಧ್ಯಾನದ ಆ್ಯಪ್‌ಗಳ ಬಗ್ಗೆ ಕೇಳುತ್ತಾರೆ. ಕೆಲವರಿಗೆ ಅನುಕೂಲ ಆಗಿರಬಹುದು. ಆದರೆ ಯಾವ ಫೋನನ್ನು ಕೆಳಗಿಡಲಿ ಅಂತ ಈ ಪಾಡು ಪಡುತ್ತಿದ್ದೇವೋ ಅದನ್ನೇ ಮತ್ತೆ ಕೈಗೆ ಕೊಟ್ಟು, 'ನಿನ್ನೆ ಧ್ಯಾನ ತಪ್ಪಿಸಿದ್ದೀರಿ' ಅಂತ ನೋಟಿಫಿಕೇಷನ್ ಬರುವ ಹಾಗೆ ಮಾಡುವುದು ನನಗಂತೂ ಒಗ್ಗುವುದಿಲ್ಲ.

ಯೋಗ ಎಲ್ಲಿ ಸಾಲದು ಅನ್ನುವುದನ್ನು ಸ್ಪಷ್ಟವಾಗಿ ಹೇಳಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಮಗು ಮಂಕಾಗಿದ್ದರೆ, ಇಷ್ಟದ ಕೆಲಸವನ್ನೂ ಬಿಟ್ಟಿದ್ದರೆ, ಊಟ ನಿದ್ದೆ ಏರುಪೇರಾಗಿದ್ದರೆ, ಮೈ ಗಾಯ ಮಾಡಿಕೊಳ್ಳುತ್ತಿದ್ದರೆ, ಬದುಕೇ ಬೇಡ ಅನ್ನುವ ಮಾತಾಡಿದರೆ ಹೋಗಬೇಕಾದದ್ದು ಮನೋವೈದ್ಯರ ಹತ್ತಿರ ಅಥವಾ ಆಪ್ತಸಮಾಲೋಚಕರ ಹತ್ತಿರ. ಕೊನೆಯ ಎರಡು ಕಂಡರೆ ಎರಡು ವಾರವಲ್ಲ, ಅವತ್ತೇ ಹೋಗಬೇಕು. ಮಗುವನ್ನು ಒಂಟಿಯಾಗಿ ಬಿಡಬಾರದು. ಚಿಕಿತ್ಸೆಯ ಪಕ್ಕದಲ್ಲಿ ಯೋಗ ಇರಬಹುದು, ಅದರ ಜಾಗದಲ್ಲಿ ಅಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವ ಮಗುವಿಗೆ 'ಪ್ರಾಣಾಯಾಮ ಮಾಡ್ತಿದೀಯಲ್ಲ, ಇನ್ನು ಮಾತ್ರೆ ಬಿಡು' ಅನ್ನುವ ನೆಂಟರಿಂದ ದೂರ ಇರಿ. ಹಿಂಸೆ, ದೌರ್ಜನ್ಯ ಅನುಭವಿಸಿದ ಮಕ್ಕಳಿಗೆ ಕಣ್ಣು ಮುಚ್ಚಿ ಅಲುಗಾಡದೆ ಕೂರುವುದೇ ಭಯ ತರಿಸಬಹುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಲ್ಲೋಬಿ ಬ್ರಿಟನ್ ಧ್ಯಾನದ ಅಡ್ಡ ಪರಿಣಾಮಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆತಂಕ ಏರುವುದು, ಹಳೆಯ ಆಘಾತ ಮರುಕಳಿಸುವುದು, ತಾನು ತನ್ನ ಮೈಯಲ್ಲೇ ಇಲ್ಲ ಅನ್ನಿಸುವುದು, ಇವೆಲ್ಲ ಅವರ ದಾಖಲೆಯಲ್ಲಿವೆ.

'ಯೋಗ ಮಾಡು, ಸರಿಹೋಗುತ್ತೆ.' ಈ ಮಾತು ನಾನೂ ಹೇಳಿದ್ದೇನೆ. ಮಗು ಏನೋ ಹೇಳಲು ಬಾಯಿ ತೆರೆದಿರುತ್ತದೆ. ನಾವು ಪರಿಹಾರ ಕೊಟ್ಟು ಬಾಯಿ ಮುಚ್ಚಿಸುತ್ತೇವೆ. ಇದರ ಅಡಿಯಲ್ಲಿ ಇನ್ನೊಂದು ಸಂದೇಶವೂ ಇರುತ್ತದೆ: ಕೆಟ್ಟಿರುವುದು ನಿನ್ನ ಮನಸ್ಸು, ಅದನ್ನು ರಿಪೇರಿ ಮಾಡಿಕೊಳ್ಳುವ ಜವಾಬ್ದಾರಿಯೂ ನಿನ್ನದೇ. ತರಗತಿಯಲ್ಲಿ ಕಾಡುವ ಹುಡುಗರು ಹಾಗೇ ಇರುತ್ತಾರೆ. ಶಾಲೆ, ಟ್ಯೂಷನ್ ಸೇರಿ ಹನ್ನೆರಡು ಗಂಟೆಯ ದಿನ ಹಾಗೇ ಇರುತ್ತದೆ. ಅದರೊಳಗೆ ಹತ್ತು ನಿಮಿಷದ ಧ್ಯಾನವೂ ತೂರಿಕೊಂಡು ಇನ್ನೊಂದು ಪೀರಿಯಡ್ ಆಗುತ್ತದೆ.

ಶಾಲೆಗಳು ಮಾಡಬಹುದಾದದ್ದು ದೊಡ್ಡದೇನಲ್ಲ. ಕಣ್ಣು ತೆರೆದಿರುವ, ಎದ್ದು ಹೋಗುವ ಸ್ವಾತಂತ್ರ್ಯ ಕೊಡಲಿ. ಇನ್ನೂರು ಜನರ ಬದಲು ಇಪ್ಪತ್ತು ಜನರ ಗುಂಪು ಮಾಡಲಿ. ಅಂಕ ಬೇಡ. ಅಳು ಬಂದ ಮಗುವನ್ನು ಯಾರ ಹತ್ತಿರ ಕಳಿಸಬೇಕು ಅಂತ ಯೋಗದ ಶಿಕ್ಷಕರಿಗೆ ಗೊತ್ತಿರಲಿ. ಮನೆಯಲ್ಲಂತೂ ಮಾಡಿಸುವುದಕ್ಕಿಂತ ಮಾಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ನಾವು ಸೋಫಾದಲ್ಲಿ ಫೋನ್ ಹಿಡಿದು ಕೂತು 'ಹೋಗಿ ಪ್ರಾಣಾಯಾಮ ಮಾಡು' ಅಂದರೆ ಯಾವ ಮಗು ಕೇಳುತ್ತದೆ?

ಸಭಾಂಗಣದ ಆ ಧ್ಯಾನ ಒಂದೇ ವರ್ಷಕ್ಕೆ ನಿಂತಿತು, ಕಾರಣ ಯಾರೂ ಹೇಳಲಿಲ್ಲ. ನಾನೂ ಮಗಳಿಗೆ ಯೋಗದ ವಿಷಯ ಎತ್ತುವುದನ್ನು ಬಿಟ್ಟೆ. ನನ್ನ ಪಾಡಿಗೆ ಸಂಜೆ ಹಾಲ್‌ನಲ್ಲಿ ಚಾಪೆ ಹಾಸುತ್ತಿದ್ದೆ, ಅಷ್ಟೇ. ಈಗ ಅವಳಿಗೆ 17. ಮೊನ್ನೆ ಪರೀಕ್ಷೆಯ ಹಿಂದಿನ ರಾತ್ರಿ ಅವಳ ಕೋಣೆಗೆ ಇಣುಕಿದೆ. ನೆಲದ ಮೇಲೆ ಮಲಗಿ, ಎರಡೂ ಕಾಲನ್ನು ಗೋಡೆಗೆ ಆನಿಸಿ ಮೇಲೆತ್ತಿದ್ದಳು. ಪುಸ್ತಕ ಪಕ್ಕದಲ್ಲಿ ಕವುಚಿ ಬಿದ್ದಿತ್ತು. ಕಣ್ಣು ತೆರೆದು ಫ್ಯಾನ್ ನೋಡುತ್ತಿದ್ದಳು. ಹೊಟ್ಟೆಯ ಮೇಲೆ ಇಟ್ಟ ಕೈ ನಿಧಾನವಾಗಿ ಏರುತ್ತಿತ್ತು, ಅದಕ್ಕಿಂತ ನಿಧಾನವಾಗಿ ಇಳಿಯುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು: "ಇದು ಯೋಗ ಅಲ್ಲ. ಸುಮ್ನೆ ಮಲಗಿದೀನಿ."

ಅದಕ್ಕೆ ವಿಪರೀತ ಕರಣಿ ಅಂತ ಹೆಸರಿದೆ. ನಾನು ಹೇಳಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.